ರಿಯಾಯತಿಯ ಪಿಸ್ತೂಲು

ಎತ್ತು, ಗಾಡಿ, ಗಡಿಯಾರ, ಹೊಲಿಗೆಯ ಯಂತ್ರ, ಯಾವುದೇ ಆಗಲಿ, ಒಬ್ಬರು ಬಳಸಿದ ಮೇಲೆ ಇನ್ನೊಬ್ಬರು ಕೊಳ್ಳುವಾಗ ಅದರ ಬೆಲೆ ಇಳಿಯುತ್ತದೆ. ಇದು ಸಂತೆಯ ಮೊದಲನೆಯ ಪಾಠ. ಈ ಪಾಠಕ್ಕೆ ಒಳಪಡದ ಪದಾರ್ಥವೊಂದು ನಮ್ಮ ದೇಶದಲ್ಲುಂಟು. ಅದು ಪರದೇಶದಲ್ಲಿ ತಯಾರಾದ ಪಿಸ್ತೂಲು. ಮೊದಲು ಕೊಂಡವನು ಅಧಿಕಾರಸ್ಥನಾಗಿದ್ದರೆ ಅಲ್ಪ ಬೆಲೆಗೆ ಕೊಂಡಿರುತ್ತಾನೆ. ಅವನಿಂದ ಕೊಳ್ಳುವ ಸಾಮಾನ್ಯ ನಾಗರಿಕನು ಅದಕ್ಕೆ ಹಲವು ಪಾಲು ಹಣ ತೆರುತ್ತಾನೆ. ಈ ನಡುವೆ ಪಿಸ್ತೂಲು ಹಳತಾಯಿತೇ ಹೊರತು ಹೊಸತಾಗಲಿಲ್ಲ. ಹಾಗಾದರೆ ಹೆಚ್ಚಿದ ಹಣ ಯಾವುದರ ಬೆಲೆ? ಕಬ್ಬಿಣದ್ದಂತೂ ಅಲ್ಲ. ಒಬ್ಬನಿಗೆ ಸುಲಭವಾಗಿದ್ದು ಇನ್ನೊಬ್ಬನಿಗೆ ದುರ್ಲಭವಾಗಿತ್ತಲ್ಲ, ಆ ಅಂತರದ ಬೆಲೆ.

ಈ ಅಂತರಕ್ಕೆ ಒಂದು ಚರಿತ್ರೆಯಿದೆ. ಅದನ್ನು ದಿಲ್ಲಿಯಿಂದ ನೋಡುವುದಕ್ಕಿಂತ ಹರಪನಹಳ್ಳಿ ಸೀಮೆಯ ತೆಲಿಗಿಯಂಥ ಹೋಬಳಿಯಿಂದ ನೋಡಿದರೆ ಚೆನ್ನಾಗಿ ಕಾಣುತ್ತದೆಂದು ನನಗೆ ತೋರುತ್ತದೆ. ಏಕೆಂದರೆ ಒಂದು ಕಾಲಕ್ಕೆ ಮನೆಮನೆಯಲ್ಲಿ ಆಯುಧವಿದ್ದು ಮುಂದೆ ಅದನ್ನು ಕಳೆದುಕೊಂಡ ಸೀಮೆ ಇದು. ಕನ್ನಡ ಪಾಠ ಹೇಳುವವನಿಗೆ ಪಿಸ್ತೂಲಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ನಾನು ಹಿಡಿದು ಹೊರಟದ್ದು ಆಯುಧವನ್ನಲ್ಲ, ಮಾತುಗಳನ್ನು. ಮಾತುಗಳು ಎಲ್ಲಿಗೆ ಕರೆದೊಯ್ದವೋ ಅಲ್ಲಿಗೆ ಹೋದೆ, ಅಷ್ಟೆ.

ಕನ್ನಡದಲ್ಲಿ ಈ ಆಯುಧಕ್ಕೆ ಮೂರು ಹೆಸರುಗಳಿವೆ. ಕೋವಿ ಎಂಬುದು ನಮ್ಮದೇ ಶಬ್ದ. ಕೊಳವೆ, ನಳಿಗೆ ಎಂದು ಅದರ ಮೂಲಾರ್ಥ. ತುಪಾಕಿ ತುರ್ಕರ ಮಾತಿನಿಂದ ಬಂದದ್ದು. ಬಂದೂಕು ಅರಬ್ಬೀ ಮೂಲದ್ದು. ಮೂರೂ ಉದ್ದ ನಳಿಗೆಯ ಆಯುಧದ ಹೆಸರುಗಳು. ಮೂರನ್ನೂ ನಮ್ಮ ಜನ ಕಂಡು, ಹಿಡಿದು, ಬಾಯಲ್ಲಿ ಬಳಸಿ ಪಳಗಿಸಿದರು. ಆದರೆ ಕೈಯಲ್ಲಡಗುವ ಗಿಡ್ಡ ಆಯುಧಕ್ಕೆ ನಾವು ಹೆಸರಿಡಲೇ ಇಲ್ಲ. ಪಿಸ್ತೂಲು, ರಿವಾಲ್ವರ್ ಎಂದು ಪರರ ಮಾತಿನಲ್ಲೇ ಕರೆಯುತ್ತೇವೆ. ಕಾರಣ ಸರಳವಾಗಿದೆ. ಕೋವಿ ಪಾಳೆಯಗಾರನ ಬಂಟನ ಹೆಗಲಮೇಲೆ, ಬೇಟೆಗಾರನ ಹೆಗಲಮೇಲೆ ಊರೊಳಗೆ ಬಂದಿತು. ರಿವಾಲ್ವರು ಸಾಹೇಬನ ಸೊಂಟದಲ್ಲಿ ಬಂದು ಅವನ ಸೊಂಟದಲ್ಲೇ ಉಳಿಯಿತು. ಒಂದು ಜನದ ಬಳಕೆಯ ವಸ್ತು, ಇನ್ನೊಂದು ಪದವಿಯ ಗುರುತು. ನಮ್ಮ ಕತೆ ಈ ಎರಡನೆಯದನ್ನು ಕುರಿತದ್ದಾದರೂ ಮೊದಲನೆಯದರಿಂದಲೇ ಆರಂಭಿಸಬೇಕು.

ಹರಪನಹಳ್ಳಿಯ ಪಾಳೆಯಗಾರರು ಬೇಡ ಕುಲದವರು. 1565ರಲ್ಲಿ ವಿಜಯನಗರ ಕುಸಿದ ಮೇಲೆ ತಲೆಯೆತ್ತಿದ ಮನೆತನಗಳಲ್ಲಿ ಅವರದೊಂದು. ಮೂಲಪುರುಷನಾದ ದಾದಪ್ಪನು ಹಳ್ಳಿಗಳ ತಳವಾರಿಕೆ ಮಾಡುತ್ತಿದ್ದವನೆಂದು ಪ್ರತೀತಿ. ಕಾವಲಿನ ಕೋಲು ಹಿಡಿದ ಕೈ ಕಾಲಕ್ರಮದಲ್ಲಿ ರಾಜ್ಯದ ಕತ್ತಿ ಹಿಡಿಯಿತು. 1748ರ ಮಾಯಕೊಂಡದ ಕಾಳಗದಲ್ಲಿ ಚಿತ್ರದುರ್ಗದ ಮದಕರಿನಾಯಕ ಮಡಿದನು. ಆ ದಿನ ಎದುರು ನಿಂತವರಲ್ಲಿ ಹರಪನಹಳ್ಳಿಯ ಸೋಮಶೇಖರನಾಯಕ ಪ್ರಮುಖನು. ಇಂಥ ಪಾಳೆಯಪಟ್ಟಿನಲ್ಲಿ ಸೈನಿಕನೆಂದರೆ ಸಂಬಳಕ್ಕೆ ಕೂತ ಸಿಪಾಯಿಯಲ್ಲ. ಕಟ್ಟುಬಡಿಯ ಹೊಲ ಉಳುತ್ತ, ಕರೆ ಬಂದಾಗ ಬತ್ತಿಯ ಕೋವಿಯನ್ನೋ ಈಟಿಯನ್ನೋ ಹಿಡಿದು ಹೊರಡುವ ಒಕ್ಕಲಿಗನೇ ಸೈನಿಕ. ಆಯುಧ ಅವನದು, ಹೊಲ ಸೇವೆಯದು. ಈ ವಿಂಗಡಣೆಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಇದರಿಂದ ಕೆಲಸವಿದೆ.

1800ರಲ್ಲಿ ನಿಜಾಮನು ಬಳ್ಳಾರಿ, ಕಡಪೆ ಮೊದಲಾದ ಸೀಮೆಗಳನ್ನು ಕಂಪೆನಿ ಸರಕಾರಕ್ಕೆ ಒಪ್ಪಿಸಿದನು. ಕಲೆಕ್ಟರಾಗಿ ಬಂದವನು ತಾಮಸ್ ಮನ್ರೋ. ಈ ದತ್ತ ಮಂಡಲಗಳಲ್ಲಿ ಆಗ 80 ಮಂದಿ ಪಾಳೆಯಗಾರರೂ ಅವರ ಕೈಕೆಳಗೆ ಸುಮಾರು 30,000 ಆಯುಧಪಾಣಿಗಳೂ ಇದ್ದರೆಂಬುದು ಅಂದಿನ ಲೆಕ್ಕ. 1807ರಲ್ಲಿ ಮನ್ರೋ ಇಲ್ಲಿಂದ ಹೊರಡುವ ಹೊತ್ತಿಗೆ ಆ ಪಡೆ ಕರಗಿಹೋಗಿತ್ತು. ಪಾಳೆಯಗಾರರಲ್ಲಿ ಕೆಲವರನ್ನು ಸೈನ್ಯ ಹೊರಡಿಸಿತು, ಕೆಲವರಿಗೆ ವಿಶ್ರಾಂತಿವೇತನ ದೊರೆಯಿತು. ಬಂಟರಲ್ಲಿ ಬಹುಮಂದಿ ನೇಗಿಲಿಗೆ ತಿರುಗಿದರು. ಕೆಲವರು ಊರ ತಳವಾರರಾಗಿ ಉಳಿದರು. ಹರಪನಹಳ್ಳಿಯ ಆಳ್ವಿಕೆ ಎಲ್ಲಿಂದ ಹುಟ್ಟಿತ್ತೋ ಮತ್ತೆ ಅಲ್ಲಿಗೇ, ತಳವಾರನ ಕೋಲಿಗೇ, ಬಂದು ನಿಂತಿತೆನ್ನಬಹುದು.

ಬಳ್ಳಾರಿ ಸೀಮೆಯಲ್ಲಿ ಮೆಲ್ಲಗೆ ನಡೆದ ಈ ಕೆಲಸ ಐವತ್ತು ವರ್ಷಗಳ ತರುವಾಯ ಕೃಷ್ಣೆಯ ಬಯಲಿನಲ್ಲಿ ರಕ್ತ ಹರಿಸಿತು. 1857ರ ದಂಗೆಗೆ ಬೆದರಿದ ಸರಕಾರ ಆ ವರ್ಷವೇ ಆಯುಧಗಳನ್ನು ನೋಂದಾಯಿಸಬೇಕೆಂದೂ ಒಪ್ಪಿಸಬೇಕೆಂದೂ ಕಾನೂನು ಮಾಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಕಂಪೆನಿಯ ಪಡೆ ಊರನ್ನು ಮುತ್ತಿ ಸುಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಒಟ್ಟು 19 ಮಂದಿಯನ್ನು ನೇಣಿಗೆ ಹಾಕಿದರು. ಜನ ಇದನ್ನು ಲಾವಣಿ ಕಟ್ಟಿ ಹಾಡಿದರು. ಶಾಸನಗಳಿಗಾಗಿ ಪ್ರಸಿದ್ಧನಾದ ಫ್ಲೀಟನೇ ಅದನ್ನು ಬರೆದುಕೊಂಡು ಅಚ್ಚು ಮಾಡಿಸಿದನು. ಹಲಗಲಿಯವರು ಕೇಳಿದ್ದು ರಾಜ್ಯವನ್ನಲ್ಲ. ಬೇಟೆಯಿಂದ, ಕಾವಲಿನಿಂದ ಬದುಕುವವನ ಕೈಯಿಂದ ಆಯುಧ ಕಿತ್ತರೆ ಅವನ ಅನ್ನವನ್ನೂ ಮಾನವನ್ನೂ ಒಟ್ಟಿಗೆ ಕಿತ್ತಂತೆ ಎಂಬುದಷ್ಟೇ ಅವರ ವಾದ.

1878ರಲ್ಲಿ ಲಿಟ್ಟನ್ ಪ್ರಭುವಿನ ಕಾಲದ ಆಯುಧ ಕಾನೂನು ಈ ಏರ್ಪಾಡನ್ನು ಶಾಶ್ವತಗೊಳಿಸಿತು. ಭಾರತೀಯನಿಗೆ ಲೈಸೆನ್ಸು ಬೇಕು, ಯುರೋಪಿಯನ್ನನಿಗೆ ವಿನಾಯಿತಿ. 1887ರಲ್ಲಿ ಮದರಾಸಿನಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನ ಇದರ ವಿರುದ್ಧ ನಿರ್ಣಯ ಮಾಡಿತಾದರೂ, ಬಣ್ಣದ ಈ ಭೇದ ಕಾಗದದಿಂದ ಅಳಿಯುವುದಕ್ಕೆ 1920ರ ನಿಯಮಾವಳಿಯೇ ಬರಬೇಕಾಯಿತು. ಕನ್ನಡ ನಾಡಿನೊಳಗೇ ಭೇದವಿತ್ತು. 1861ರಲ್ಲಿಯೇ ಕೊಡವರಿಗೆ ವಿನಾಯಿತಿ ದೊರೆತಿತ್ತು. ಕೈಲುಮುಹೂರ್ತದ ದಿನ ಅವರು ಕೋವಿಯನ್ನು ಪೂಜಿಸಿ ಹೊರತೆಗೆಯುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕೊಡಗಿನವನ ಕೋವಿ ಸಂಪ್ರದಾಯವಾಯಿತು, ಹಲಗಲಿಯವನ ಕೋವಿ ಅಪರಾಧವಾಯಿತು. ಎರಡೂ ಒಂದೇ ನಳಿಗೆ, ಒಂದೇ ಮದ್ದು. ಕೊಡವರ ಮೇಲೆ ಹೊಟ್ಟೆಕಿಚ್ಚಿನಿಂದ ಇದನ್ನು ಹೇಳುತ್ತಿಲ್ಲ. ಆಯುಧದ ವಿಷಯದಲ್ಲಿ ಸರಕಾರ ಯಾವಾಗಲೂ ವಸ್ತುವನ್ನು ನೋಡುವುದಿಲ್ಲ, ಹಿಡಿದವನನ್ನು ನೋಡುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಇನ್ನು ಸಾಹೇಬನ ಸೊಂಟದ ರಿವಾಲ್ವರಿಗೆ ಬರೋಣ. ಅಂದಿನ ಬ್ರಿಟಿಷ್ ಸೇನೆಯಲ್ಲಿ ಸಿಪಾಯಿಯ ಬಂದೂಕು ಸರಕಾರದ್ದು. ಅಧಿಕಾರಿಯ ಕತ್ತಿ, ರಿವಾಲ್ವರುಗಳು ಅವನ ಸ್ವಂತದ್ದು. ಸೇನೆಯ ತೋಟಾ ಅದರಲ್ಲಿ ಹಿಡಿಸಿದರೆ ಸರಿ, ಯಾವ ತಯಾರಕನದನ್ನಾದರೂ ಅವನು ಕೊಳ್ಳಬಹುದಿತ್ತು. 1887ರಲ್ಲಿ ವೆಬ್ಲಿ ಕಂಪೆನಿಯ .455 ಬೋರಿನ ರಿವಾಲ್ವರನ್ನು ಸೇನೆ ಅಂಗೀಕರಿಸಿದ ಮೇಲೆ ಅದೇ ಬಳಕೆಯಾಯಿತು. ಅಗ್ಗವಾಗಿ ಕೊಳ್ಳಲು ಅಧಿಕಾರಿಗಳು ಒಂದು ಉಪಾಯ ಮಾಡಿಕೊಂಡಿದ್ದರು. 1871ರಲ್ಲಿ ಲಂಡನ್ನಿನಲ್ಲಿ ಆರ್ಮಿ ಅಂಡ್ ನೇವಿ ಸಹಕಾರ ಸಂಘವೆಂಬ ಭಂಡಾರವನ್ನು ತೆರೆದರು. ಸದಸ್ಯರಿಗೆ ಮಾತ್ರ ಅಲ್ಲಿ ಮಾರಾಟ. ಟೋಪಿ, ಚಹ, ಮಂಚಗಳೊಂದಿಗೆ ರಿವಾಲ್ವರುಗಳೂ ಆ ಸಂಘದ ಮುದ್ರೆ ಹೊತ್ತು ಹೊರಬರುತ್ತಿದ್ದವು. ಮುಂದೆ ಮುಂಬಯಿ, ಕಲ್ಕತ್ತೆಗಳಲ್ಲೂ ಅದರ ಶಾಖೆಗಳು ತೆರೆದವು. ಪದವಿಯ ಕಾರಣದಿಂದ ಅಗ್ಗವಾಗಿ ದೊರೆಯುವ ಪಿಸ್ತೂಲಿನ ಹಳೆಯ ರೂಪ ಇದೇ.

ಸಾಹೇಬನು ಊರಿಗೆ ಹೊರಟಾಗ ಏನಾಗುತ್ತಿತ್ತು? ಬಳ್ಳಾರಿ, ಬೆಂಗಳೂರುಗಳಂಥ ದಂಡಿನ ಊರುಗಳಲ್ಲಿ ಕುದುರೆ, ಗಾಡಿ, ಪಿಂಗಾಣಿ ಪಾತ್ರೆಗಳ ಜೊತೆಗೆ ಕೋವಿಯೂ ವಿಕ್ರಯಕ್ಕೆ ಬರುತ್ತಿತ್ತು. ಕೊಳ್ಳುವವನು ಮತ್ತೊಬ್ಬ ಸಾಹೇಬನಾದರೆ ತೊಡಕಿಲ್ಲ. ಭಾರತೀಯನಾದರೆ ಲೈಸೆನ್ಸು ಬೇಕು. ಅದು ಸಾಮಾನ್ಯವಾಗಿ ಜಮೀನುದಾರನಿಗೋ ರಾವ್ ಬಹದ್ದೂರನಿಗೋ ಸಿಗುವಂಥದ್ದು. ಸಾಹೇಬನ ರಿವಾಲ್ವರನ್ನು ಕೊಂಡವನು ಆಯುಧವನ್ನು ಮಾತ್ರ ಕೊಳ್ಳುತ್ತಿರಲಿಲ್ಲ, ಸಾಹೇಬನ ನೆರಳನ್ನೂ ಕೊಳ್ಳುತ್ತಿದ್ದನು.

ಸರಕಾರಕ್ಕೂ ಇದರ ಅಪಾಯ ತಿಳಿದಿತ್ತು. ಸೇನೆಯ ತೋಟಾ ಹಿಡಿಸುವ ಆಯುಧ ಜನರ ಕೈಗೆ ಬಂದರೆ, ಕದ್ದ ತೋಟಾ ಸಹ ಅದಕ್ಕೆ ಉಪಯೋಗವಾಗುತ್ತದೆ. ಆದ್ದರಿಂದ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ .450 ಬೋರಿನ ರೈಫಲುಗಳನ್ನು ಭಾರತಕ್ಕೆ ತರಬಾರದೆಂದು ಕಟ್ಟು ಮಾಡಿದರು. ಹುಲಿಬೇಟೆಯ ಸಾಹೇಬರಿಗಾಗಿ ಇಂಗ್ಲೆಂಡಿನ ತಯಾರಕರು .470 ಮುಂತಾದ ಹೊಸ ಅಳತೆಗಳನ್ನು ಕಲ್ಪಿಸಬೇಕಾಯಿತು. ಇದೇ ತತ್ತ್ವ ಸ್ವತಂತ್ರ ಭಾರತದ ನಿಯಮಗಳಲ್ಲೂ ಉಳಿಯಿತು. ಸೇನೆ, ಪೋಲೀಸರು ಬಳಸುವ .455, .38, 9 ಮಿಲಿಮೀಟರ್ ಅಳತೆಗಳು ನಿಷಿದ್ಧ; .32 ಬೋರು ನಾಗರಿಕನಿಗೆ ಬಿಟ್ಟದ್ದು. ನಮ್ಮ ದೇಶದಲ್ಲಿ ಪಿಸ್ತೂಲು ಕೊಳ್ಳುವವರ ಬಾಯಲ್ಲಿ .32 ಎಂಬ ಸಂಖ್ಯೆಯೇ ಕೇಳಿಬರುವುದಕ್ಕೆ ಕಾರಣ ಅದರ ಗುಣವಿಶೇಷವಲ್ಲ, ಈ ಹಳೆಯ ಅಂಜಿಕೆ.

ಸ್ವಾತಂತ್ರ್ಯ ಬಂದಾಗ ಈ ಪ್ರಶ್ನೆ ಮತ್ತೆ ಎದ್ದಿತು. 1931ರ ಕರಾಚಿ ಕಾಂಗ್ರೆಸ್ಸು ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವುದು ಪ್ರಜೆಯ ಹಕ್ಕೆಂದು ಸಾರಿತ್ತು. ಅದನ್ನು ನೆನಪಿಸಿ 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ತಿದ್ದುಪಡಿ ತಂದವರು ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು. ಡಾಕ್ಟರ್ ಅಂಬೇಡ್ಕರರು ಒಪ್ಪಲಿಲ್ಲ. ಇದನ್ನು ಮೂಲಭೂತ ಹಕ್ಕೆಂದು ಬರೆದರೆ ಕಳ್ಳಕಾಕರೂ ಅದನ್ನೇ ಮುಂದೊಡ್ಡುವರೆಂಬುದು ಅವರ ವಾದದ ಸಾರ. ಸಭೆ ತಿದ್ದುಪಡಿಯನ್ನು ತಳ್ಳಿಹಾಕಿತು. ಆಯುಧವು ಹಕ್ಕಲ್ಲ, ಅನುಮತಿ ಎಂದು ಆ ದಿನ ತೀರ್ಮಾನವಾಯಿತು. ಆ ತೀರ್ಮಾನ ವಿವೇಕದ್ದೆಂದೇ ನಾನು ಎಣಿಸುತ್ತೇನೆ. ಆದರೆ ಅನುಮತಿಯೆಂದ ಮೇಲೆ ಅದು ಎಲ್ಲರಿಗೂ ಒಂದೇ ಬಾಗಿಲಿನಿಂದ ಬರಬೇಕು. 1959ರ ಆಯುಧ ಕಾನೂನು, ಜೊತೆಗೆ 1962ರ ನಿಯಮಗಳು ಮುಂಬಾಗಿಲನ್ನು ಕಟ್ಟಿದವು. ಹಿಂಬಾಗಿಲು ತಾನಾಗಿ ತೆರೆದುಕೊಂಡಿತು.

ಅದು ಹೀಗೆ. 1980ರ ದಶಕದ ನಡುವಿನಿಂದ ಖಾಸಗಿಯವರು ಪರದೇಶದಿಂದ ಪಿಸ್ತೂಲು ತರಿಸುವುದು, ಹೆಸರಾಂತ ಗುರಿಕಾರರ ಹೊರತು, ನಿಂತುಹೋಯಿತು. ಕಾನ್ಪುರದ ಸರಕಾರಿ ಕಾರ್ಖಾನೆಯಲ್ಲಿ .32 ರಿವಾಲ್ವರುಗಳು ತಯಾರಾದುವಾದರೂ ಜನರಿಗೆ ವಿಲಾಯತಿ ಸರಕಿನ ಮೋಹ ಬಿಡಲಿಲ್ಲ. ಹೊಸತು ಬರುವುದು ನಿಂತ ಮೇಲೆ ದೇಶದೊಳಗಿರುವ ಹಳೆಯ ವೆಬ್ಲಿ, ವಾಲ್ಥರುಗಳೇ ಕೈಯಿಂದ ಕೈಗೆ ಹೋಗಬೇಕಾಯಿತು. ಹೋದಂತೆಲ್ಲ ಬೆಲೆ ಏರಿ ಲಕ್ಷಗಳನ್ನು ಮುಟ್ಟಿತು. ಇದೇ ಕಾಲದಲ್ಲಿ ಸುಂಕದ ಇಲಾಖೆಯವರು ಮುಟ್ಟುಗೋಲು ಹಾಕಿಕೊಂಡ ವಿದೇಶೀ ಪಿಸ್ತೂಲುಗಳಲ್ಲಿ ನಿಷಿದ್ಧವಲ್ಲದ ಬೋರಿನವನ್ನು ಅಧಿಕಾರಿಗಳಿಗೂ ಸಂಸತ್ಸದಸ್ಯರಿಗೂ ನಿಗದಿಯಾದ ಅಲ್ಪ ಬೆಲೆಗೆ ಹಂಚುವ ಪದ್ಧತಿ ನಡೆದುಬಂದಿತು. ಉದ್ದೇಶ ಕೆಟ್ಟದ್ದಲ್ಲ. ಕಳ್ಳರನ್ನೂ ಭಯೋತ್ಪಾದಕರನ್ನೂ ಎದುರುಹಾಕಿಕೊಂಡ ಅಧಿಕಾರಿಗೆ ಆತ್ಮರಕ್ಷಣೆ ಬೇಕಲ್ಲವೆ? ಆದರೆ ಒಂದೇ ಪಿಸ್ತೂಲಿಗೆ ಇಲಾಖೆಯಲ್ಲೊಂದು ಬೆಲೆ, ಪೇಟೆಯಲ್ಲೊಂದು ಬೆಲೆಯೆಂದಾದಾಗ, ನಡುವಿನ ಅಂತರ ಮನುಷ್ಯನನ್ನು ಸೆಳೆಯದೆ ಬಿಡುವುದಿಲ್ಲ.

ಸೇನೆಯಲ್ಲಿ ಅದು ಸೆಳೆಯಿತು. ಸೇನೆಯ ಬಳಕೆಯಿಂದ ಹೊರಗುಳಿದ, ಬೇರೆ ಮಾದರಿಯ ಆಯುಧಗಳನ್ನು ಜಬ್ಬಲಪುರದ ಕೇಂದ್ರ ಆಯುಧ ಕೋಠಿಯಿಂದ ಸೈನ್ಯಾಧಿಕಾರಿಗಳು ಸ್ವಂತಕ್ಕಾಗಿ ನಾಮಮಾತ್ರ ಬೆಲೆಗೆ ಕೊಳ್ಳಬಹುದಿತ್ತು. ಅವನ್ನು ಹೊರಗೆ ಮಾರುವುದಕ್ಕೆ ಕಟ್ಟುಪಾಡುಗಳೂ ಇದ್ದವು. ಈ ಕಟ್ಟನ್ನು ಮುರಿದು ಹಲವರು ರಾಜಸ್ಥಾನದ ಶ್ರೀಗಂಗಾನಗರದ ಕಡೆಯ ವರ್ತಕರಿಗೂ ಖಾಸಗಿಯವರಿಗೂ ತಮ್ಮ ಆಯುಧಗಳನ್ನು ಮಾರಿದ ಸಂಗತಿ 2007ರ ಸುಮಾರಿಗೆ ಬಯಲಾಯಿತು. ವಿಷಯ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯಾಗಿ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಹತ್ತಾರು ಅಧಿಕಾರಿಗಳ ಮೇಲೆ ಸೇನೆ ಕ್ರಮ ಕೈಗೊಂಡಿತಾದರೂ, ದಂಡನೆ ತೀರ ಲಘುವಾಯಿತೆಂದು ನ್ಯಾಯಾಲಯವೇ ಅಸಮಾಧಾನ ಸೂಚಿಸಿತು. ದೇಶದ ಗಡಿ ಕಾಯುವವನಿಗೆಂದು ಇಳಿಸಿದ ಬೆಲೆ, ಗಡಿಯ ಜಿಲ್ಲೆಯೊಂದರ ಪೇಟೆಯಲ್ಲಿ ಲಾಭವಾಗಿ ಪರಿಣಮಿಸಿತು.

ಇದು ನಮ್ಮ ದೇಶಕ್ಕೆ ಮಾತ್ರ ತಗುಲಿದ ರೋಗವಲ್ಲ. ಅಮೆರಿಕದಲ್ಲಿ 1980, 1990ರ ದಶಕಗಳಲ್ಲಿ ಪೋಲೀಸು ಪಡೆಗಳು ರಿವಾಲ್ವರುಗಳನ್ನು ಬಿಟ್ಟು ಆಸ್ಟ್ರಿಯದ ಗ್ಲಾಕ್ ಮುಂತಾದ ಪಿಸ್ತೂಲುಗಳಿಗೆ ಬದಲಾಯಿಸಿಕೊಂಡವು. ತಯಾರಕರು ಪೋಲೀಸರಿಗೆ ರಿಯಾಯತಿ ಕೊಟ್ಟು, ಹಳೆಯ ಆಯುಧಗಳನ್ನು ಬದಲಿಗೆ ಪಡೆದು, ಅವನ್ನು ವರ್ತಕರ ಮೂಲಕ ಪೇಟೆಗೆ ಬಿಟ್ಟರು. ಪೋಲೀಸರು ಬಳಸಿದ್ದೆಂಬ ಹೆಸರೇ ಅಲ್ಲಿ ಒಂದು ಆಕರ್ಷಣೆ. ಹೆಚ್ಚಾಗಿ ಚರ್ಮದ ಚೀಲದಲ್ಲೇ ಇದ್ದು, ಕಡಿಮೆ ಹಾರಿಸಿದ ಆಯುಧ ಅಗ್ಗವಾಗಿ ಸಿಗುತ್ತದೆಂದು ಜನ ಕೊಳ್ಳುತ್ತಾರೆ. 1998ರಲ್ಲಿ ನ್ಯೂ ಆರ್ಲಿಯನ್ಸ್ ನಗರ ಆಯುಧ ತಯಾರಕರ ಮೇಲೆ ದಾವೆ ಹೂಡಿತು. ಅದೇ ನಗರದ ಪೋಲೀಸರು ತಮ್ಮ ಹಳೆಯ ಪಿಸ್ತೂಲುಗಳನ್ನೂ ವಶಪಡಿಸಿಕೊಂಡವನ್ನೂ ಹೊಸ ಗ್ಲಾಕುಗಳಿಗಾಗಿ ವಿನಿಮಯ ಮಾಡಿಕೊಂಡಿದ್ದರೆಂಬುದು ಹೊರಬಿದ್ದು ನಗೆಪಾಟಲಾಯಿತು. ಒಂದು ಕೈಯಿಂದ ನ್ಯಾಯ ಕೇಳುವುದು, ಇನ್ನೊಂದು ಕೈಯಿಂದ ಸರಕು ಒದಗಿಸುವುದು! ಅಲ್ಲಿ ಪೋಲೀಸರ ಹಳೆಯ ಪಿಸ್ತೂಲು ಅಗ್ಗ, ಇಲ್ಲಿ ಅಧಿಕಾರಿಯ ಹಳೆಯ ಪಿಸ್ತೂಲು ದುಬಾರಿ. ಬೆಲೆ ಬೇರೆಯಾದರೂ ದಾರಿ ಒಂದೇ: ಸಾರ್ವಜನಿಕ ಸೇವೆಯ ಹೆಸರಿನಲ್ಲಿ ಹೊರಟದ್ದು ಖಾಸಗಿ ಪೆಟ್ಟಿಗೆಯಲ್ಲಿ ಬಂದು ಕೂರುತ್ತದೆ.

ತೆಲಿಗಿಯಂಥ ಊರಿನವನಿಗೆ ಇದೆಲ್ಲದರಲ್ಲಿ ಪಾಲೇನು? ನಮ್ಮ ಕಡೆ ಲೈಸೆನ್ಸೆಂದರೆ ಬೆಳೆಗೆ ಬೀಳುವ ಹಂದಿಗಳನ್ನು ಬೆದರಿಸಲು ಹೊಲದವನು ಇಟ್ಟುಕೊಂಡ ಉದ್ದ ನಳಿಗೆಯ ಕೋವಿ. ಅದರ ಕಾಗದಪತ್ರಗಳು ಅವನಿಗಿಂತ ಹೆಚ್ಚು ಪ್ರಯಾಣ ಮಾಡಿವೆ. 1953ರವರೆಗೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ, ಆಮೇಲೆ ಮೈಸೂರು ರಾಜ್ಯದ ಬಳ್ಳಾರಿ, 1997ರಿಂದ ದಾವಣಗೆರೆ, 2018ರಲ್ಲಿ ಮರಳಿ ಬಳ್ಳಾರಿ, 2021ರಿಂದ ವಿಜಯನಗರ ಜಿಲ್ಲೆ. ಕೋವಿ ಗೋಡೆಯ ಗೂಟದಲ್ಲೇ ಇತ್ತು; ಅನುಮತಿಯ ಕಚೇರಿ ಮಾತ್ರ ಊರೂರು ತಿರುಗಿತು. ಚುನಾವಣೆ ಬಂತೆಂದರೆ ಕೋವಿಯನ್ನು ಪೋಲೀಸು ಠಾಣೆಗೆ ಒಪ್ಪಿಸಿ ರಶೀದಿ ಪಡೆಯಬೇಕು. ಮಾರುವುದಾದರೆ 1959ರ ಕಾನೂನಿನ 5ನೆಯ ಪ್ರಕರಣದಂತೆ ಕೊಳ್ಳುವವನ ಹೆಸರು, ವಿಳಾಸಗಳನ್ನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. 2019ರ ತಿದ್ದುಪಡಿಯ ಪ್ರಕಾರ ಒಬ್ಬನಲ್ಲಿ ಎರಡಕ್ಕಿಂತ ಹೆಚ್ಚು ಆಯುಧವಿರಕೂಡದು. ಈ ಕಟ್ಟಳೆಗಳನ್ನು ನಮ್ಮ ರೈತ ಗೊಣಗಿಕೊಂಡಾದರೂ ಪಾಲಿಸುತ್ತಾನೆ. ಯಾರಿಗೆ ಕಟ್ಟಳೆ ಹೆಚ್ಚೋ ಅವನಿಗೆ ರಿಯಾಯತಿಯಿಲ್ಲ. ಯಾರಿಗೆ ರಿಯಾಯತಿಯೋ ಅವನ ವಿಷಯದಲ್ಲಿ ಕಟ್ಟಳೆ ಸಡಿಲ. ನಮ್ಮವನಿಗೆ ನೋವಾಗುವುದು ಇಲ್ಲಿ.

ಪರಿಹಾರವೇನೆಂದು ಕೇಳಿದರೆ ಹೊಸ ಶಾಸ್ತ್ರವನ್ನು ಹುಡುಕಬೇಕಾಗಿಲ್ಲ. ಅದು ನಮ್ಮ ಹಳ್ಳಿಯ ಹಳೆಯ ಕಡತಗಳಲ್ಲೇ ಇದೆ. ಕಟ್ಟುಬಡಿಯ ಮಾತನ್ನು ಮೇಲೆ ಹೇಳಿದೆನಷ್ಟೆ. ಊರ ತಳವಾರನಿಗೂ ಹಾಗೆಯೇ ಸೇವೆಗೆಂದು ಇನಾಮು ಹೊಲವಿರುತ್ತಿತ್ತು. ಆ ಹೊಲ ಅವನದಲ್ಲ, ತಳವಾರಿಕೆಯದು. ಮದರಾಸು ಸರಕಾರದ 1895ರ ಗ್ರಾಮಾಧಿಕಾರ ಕಾನೂನು ಇದನ್ನು ಸ್ಪಷ್ಟವಾಗಿ ಬರೆಯಿತು: ಹುದ್ದೆಗೆ ಸೇರಿದ ಆದಾಯವನ್ನು ಹುದ್ದೆಯವನು ಮಾರಲಾರ, ಅಡವಿಡಲಾರ. ತಳವಾರಿಕೆ ಹೋದರೆ ಹೊಲವೂ ಹೋಯಿತು. 1961ರ ಕಾನೂನು ಗ್ರಾಮಾಧಿಕಾರಗಳನ್ನೇ ರದ್ದುಮಾಡಿ ಆ ಹೊಲಗಳನ್ನು ಹಿಡುವಳಿದಾರರಿಗೆ ಮರುಮಂಜೂರು ಮಾಡಿತು. ಆಗಲೂ ಮರುಮಂಜೂರಾದ ಹೊಲವನ್ನು 15 ವರ್ಷ ಪರಭಾರೆ ಮಾಡಕೂಡದೆಂದು 1978ರ ತಿದ್ದುಪಡಿ ಕಟ್ಟು ಹಾಕಿತು. ಕೋಲು ಹಿಡಿದು ರಾತ್ರಿಯೆಲ್ಲ ಊರು ಸುತ್ತಿದ ಬಡ ತಳವಾರನ ನಾಲ್ಕೆಕರೆಗೆ ಇಷ್ಟು ಬಿಗಿ!

ಅದೇ ಬಿಗಿಯನ್ನು ರಿಯಾಯತಿಯ ಪಿಸ್ತೂಲಿಗೂ ಏಕೆ ಹಾಕಬಾರದು? ಪದವಿಯ ಕಾರಣದಿಂದ ಅಗ್ಗವಾಗಿ ಪಡೆದದ್ದು ಪದವಿಯ ಸೊತ್ತು. ಪದವಿ ತೀರಿದಾಗ, ಇಲ್ಲವೆ ಆತ್ಮರಕ್ಷಣೆಯ ಅಗತ್ಯ ತೀರಿದಾಗ, ಕೊಟ್ಟ ಬೆಲೆಗೇ ಸರಕಾರಕ್ಕೆ ಹಿಂದಿರುಗಿಸಲಿ. ಪೇಟೆಯ ಬೆಲೆ ಅವನಿಗೆ ಸಲ್ಲದಿರಲಿ. ಹೀಗೆ ಮಾಡಿದರೆ ನಿಜವಾಗಿ ಅಗತ್ಯವಿರುವವರು ಮಾತ್ರ ಕೊಳ್ಳುತ್ತಾರೆ. ಲಾಭದ ಆಸೆಗೆ ಕೊಳ್ಳುವವನು ಮೊದಲ ಮೆಟ್ಟಿಲಲ್ಲೇ ಹಿಂದೆ ಸರಿಯುತ್ತಾನೆ. ಪ್ರಾಮಾಣಿಕನಾದ ಅಧಿಕಾರಿಗೆ ಇದರಿಂದ ನಷ್ಟವಿಲ್ಲ. ಏಕೆಂದರೆ ಅವನು ಬಯಸಿದ್ದು ರಕ್ಷಣೆಯನ್ನು, ವ್ಯಾಪಾರವನ್ನಲ್ಲ.

ಮನ್ರೋ ಕಾಲದಲ್ಲಿ ನಮ್ಮವರು ಆಯುಧ ಕೆಳಗಿಟ್ಟರು. ಹಲಗಲಿಯವರು ಇಡದೆ ಸತ್ತರು. ಕಾಮತರ ತಿದ್ದುಪಡಿ ಬಿದ್ದಾಗ ಇಡೀ ದೇಶವೇ ಆಯುಧದ ಹಕ್ಕನ್ನು ಬಿಟ್ಟುಕೊಟ್ಟಿತು. ಜನ ಇಷ್ಟನ್ನೂ ಒಪ್ಪಿಕೊಂಡದ್ದು, ಕಾವಲಿನ ಹೊಣೆಯನ್ನು ಸರಕಾರ ಹೊತ್ತುಕೊಳ್ಳುತ್ತದೆ, ಆ ಹೊಣೆಗೆಂದು ಕೊಟ್ಟ ಆಯುಧ ಆ ಹೊಣೆಗೇ ಮೀಸಲಾಗಿರುತ್ತದೆ ಎಂಬ ನಂಬಿಕೆಯ ಮೇಲೆ. ತಳವಾರನು ತನ್ನ ಕೋಲನ್ನು ಸಂತೆಯಲ್ಲಿ ಮಾರಿದ ದಿನ ಊರಿಗೆ ಕಾವಲಿರಲಿಲ್ಲವೆಂದೇ ಅರ್ಥ.